ಶೇಂಗಾ ಹಿಂಡಿಯ ಉಪ್ಪು

ಊಟಕ್ಕೆ ಮುಂಚೆ ವಾಚನಾಲಯಕ್ಕೆ ಹೋಗಿ ಪತ್ರಿಕೆ ಓದಿ ಬರುವುದು ನನ್ನ ನಿತ್ಯದ ನಿಯಮ. ಜೇವರ್ಗಿಯ ಆ ದಾರಿ ಒಂದು ಶಾಲೆಯ ಅಡುಗೆಮನೆಯ ಪಕ್ಕದಲ್ಲೇ ಹಾಯುತ್ತದೆ. ಮೊಟ್ಟೆ ಕೊಡುವ ದಿನ ಬೇಯಿಸಿದ ಮೊಟ್ಟೆಯ ವಾಸನೆ ರಸ್ತೆಗೇ ಬಂದು ನಿಂತಿರುತ್ತದೆ. ಹುಟ್ಟಿನಿಂದ ಅದನ್ನು ಮುಟ್ಟದವನು ನಾನು. ಶಾಲೆಯ ಗೇಟು ಬರುವ ಮೊದಲೇ ಕರವಸ್ತ್ರ ಮೂಗಿಗೆ ಹೋಗುತ್ತಿತ್ತು. ಈಚೆಗೆ ಅದು ಜೇಬಿನಲ್ಲೇ ಉಳಿಯುತ್ತಿದೆ. ಇಳಿವಯಸ್ಸಿನಲ್ಲಿ ಕೆಟ್ಟೆನೆಂದು ತಿಳಿಯಬೇಡಿ. ಆ ವಾಸನೆಗೆ ನನ್ನ ತಂಗಿ ನೀಲಮ್ಮನ ನೆನಪು ಅಂಟಿಕೊಂಡಿದೆ, ಅಷ್ಟೇ.

ನಮ್ಮದು ಭೂಸನೂರ ಸೀಮೆಯ ಕಬ್ಬಿನ ಒಕ್ಕಲುತನ. ಏಳುವುದು, ಸ್ನಾನ, ವಿಭೂತಿ, ಲಿಂಗಪೂಜೆ, ಆಮೇಲೆ ಒಂದು ಲೋಟ ಹಾಲು: ಈ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲ. ನಾನು ಮುಂದೆ ಮಠದ ವಿದ್ಯಾರ್ಥಿನಿಲಯಕ್ಕೆ ಹೋದಾಗ ಅಲ್ಲಿಯ ಗಂಟೆಗಿಂತ ನಮ್ಮ ಮನೆಯೇ ಬಿಗಿ ಅನ್ನಿಸಿತ್ತು. ನಮ್ಮ ಮನೆಯಲ್ಲಿ ಹಿಂಸೆಯಿಲ್ಲ ಎನ್ನುವುದು ನಮಗೆಲ್ಲ ದೊಡ್ಡ ಹೆಮ್ಮೆ.

ನೀಲಮ್ಮನನ್ನು ಅಫಜಲಪುರಕ್ಕೆ ಕೊಟ್ಟಿದ್ದೆವು. ಅಲ್ಲಿ ಅವಳು ಶಾಲೆಯಲ್ಲಿ ಕಲಿಸುತ್ತಿದ್ದಳು. ಒಮ್ಮೆ ತವರಿಗೆ ಬಂದಾಗ ನಮ್ಮ ಎಮ್ಮೆಯ ಕರು ಸತ್ತಿತ್ತು. ಕರುವಿಲ್ಲದೆ ಎಮ್ಮೆ ಸೊರೆ ಬಿಡಲಿಲ್ಲ, ಹಾಲು ಇಳಿಯಲಿಲ್ಲ. ಆಳು ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಅದರ ಮುಂದೆ ನಿಲ್ಲಿಸಿದ. ಎಮ್ಮೆ ಅದನ್ನು ನೆಕ್ಕುತ್ತಾ ಹಾಲು ಕೊಟ್ಟಿತು. ನಾವೆಲ್ಲ ಎಷ್ಟೋ ಸಲ ಕಂಡದ್ದೇ. ನೀಲಮ್ಮ ಮಾತ್ರ ಕೊಟ್ಟಿಗೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಳು. ಅಂದಿನಿಂದ ಹಾಲು, ಮೊಸರು, ತುಪ್ಪ ಬಿಟ್ಟಳು. ಯಾರಿಗೂ ಉಪದೇಶ ಮಾಡಲಿಲ್ಲ. ಅವಳ ಎದುರೇ ನಾನು ಕೆನೆಮೊಸರು ಬಡಿಸಿಕೊಂಡು ಉಂಡಿದ್ದೇನೆ. ನೋಡಿ ಸುಮ್ಮನೆ ನಗುತ್ತಿದ್ದಳು.

ನಮ್ಮಿಬ್ಬರಿಗೂ ಹಿರಿಯನಾದ ಅಣ್ಣ ಅದನ್ನು ವ್ರತವೆಂದುಕೊಂಡ. ನಮ್ಮವರಿಗಲ್ಲದೆ ಇನ್ನಾರಿಗೂ ಇಂಥ ತಪ್ಪು ತಿಳಿವಳಿಕೆ ಬರಲಿಕ್ಕಿಲ್ಲ. ಯಾರಾದರೂ ಏನನ್ನಾದರೂ ಬಿಟ್ಟರೆ ನಾವು ಮೊದಲು ಎಣಿಸುವುದು ಮಡಿಯನ್ನೇ. ಬಂದವರಿಗೆಲ್ಲ, "ನಮ್ಮ ತಂಗಿ ಹಾಲೂ ಮುಟ್ಟಂಗಿಲ್ರಿ. ಶರಣೆ ಅಕಿ," ಎಂದು ಹೇಳುವನು. ಮುದುಕಿಯರು ಅವಳಿಗೆ ಕೈಮುಗಿಯುವರು.

"ವ್ರತ ಅಲ್ಲೋ ಅಣ್ಣಾ," ಎನ್ನುತ್ತಿದ್ದಳು ನೀಲಮ್ಮ. "ಎಮ್ಮೀ ಹಾಲು ಎಮ್ಮೀ ಕರಕ್ಕ, ಅಷ್ಟ."

"ಶರಣರು ಹಿಂಗೇ ತಮ್ಮನ್ನ ಸಣ್ಣವರು ಮಾಡಿಕೋತಾರ," ಎಂದು ಅಣ್ಣ ಅದಕ್ಕೂ ಹಿಗ್ಗುವನು.

ಶಾಲೆಯ ಊಟಕ್ಕೆ ಮೊಟ್ಟೆ ಬಂದಾಗ ನಮ್ಮ ಕಡೆಯ ಹಿರಿಯರು ಸಿಟ್ಟಾದರು. ಬೇಡವೆಂದ ಮಕ್ಕಳಿಗೆ ಬಾಳೆಹಣ್ಣು ಇತ್ತು. ಆದರೆ ಯಾರಿಗೂ ಮೊಟ್ಟೆ ಕೊಡಬಾರದೆಂದು ಮನವಿ ಬರೆದರು. ಅಷ್ಟರಲ್ಲಿ ನಾನೂ ಅಣ್ಣನೂ ಮನೆ ಮಾಡಿದ್ದ ಜೇವರ್ಗಿಯಲ್ಲಿ ಸಭೆ ಸೇರಿತು. ಮಾತಾಡಲು ಅಣ್ಣ ನೀಲಮ್ಮನನ್ನೇ ಕರೆತಂದು ಮುಂದಿನ ಸಾಲಿನಲ್ಲಿ ಕೂಡ್ರಿಸಿದ. ಅವಳ ಮನಸ್ಸು ಏನೆಂದು ಅವನು ಕೇಳಿರಲಿಲ್ಲ. ಕೇಳುವ ಅಗತ್ಯವೂ ಅವನಿಗೆ ಕಂಡಿರಲಿಲ್ಲ.

ನೀಲಮ್ಮ ಎದ್ದು ನಿಂತು, ಈ ಮನವಿಗೆ ತಾನು ಒಪ್ಪುವುದಿಲ್ಲ ಎಂದಳು. ಹಿಂದಿನಿಂದ ಒಬ್ಬ ಮುದುಕ, "ಏನವ್ವಾ, ನೀ ಕೋಳೀ ಕಡಿ ಇದ್ದೀಯೋ, ತತ್ತೀ ಕಡಿ ಇದ್ದೀಯೋ?" ಎಂದ. ಜನ ನಕ್ಕರು.

"ಕೋಳೀ ಕಡಿನೇ ಇದ್ದೇನ್ರಿ ಮಾಮಾ," ಎಂದಳು. "ತತ್ತಿ ನಾ ತಿನ್ನಂಗಿಲ್ಲ, ಯಾರೂ ತಿನ್ನದಿದ್ರ ಛಲೋನೇ. ಆದ್ರ ನನ್ನ ಶಾಲ್ಯಾಗ ಪ್ರಾರ್ಥನಾಕ್ಕ ನಿಂತ ಹುಡುಗ್ಯಾರು ತಲಿ ತಿರುಗಿ ಕೂಡ್ತಾವ. ಇಷ್ಟು ದಿನ ಯಾವ ಎಮ್ಮೀ ಸಲುವಾಗೂ ನಾವು ಮನವಿ ಬರೀಲಿಲ್ಲ. ಬಡವರ ಮಕ್ಕಳ ಕೈಯಾಗ ತತ್ತಿ ಕಂಡ ಕೂಡಲೇ ನಮಗ ದಯಾ ನೆನಪಾತು. ನಾ ಬಿಟ್ಟಿದ್ದು ನನ್ನ ತಾಟಿನಾಗಿಂದು. ಇನ್ನೊಬ್ಬರ ತಾಟಿಗಿ ಕೈ ಹಾಕಾಕ ನನ್ನ ಹೆಸರು ತಗೋಬ್ಯಾಡ್ರಿ."

ಮನವಿ ಅವಳ ಹೆಸರಿಲ್ಲದೆಯೇ ಹೋಯಿತು. ಪ್ರಾಣಿಗಳ ಪರವಾಗಿ ದುಡಿಯುತ್ತಿದ್ದ ಕಡಗಂಚಿ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿನಿಯರು ಅವಳನ್ನು ಅಕ್ಕ ಎನ್ನುತ್ತಿದ್ದರು. ಅಕ್ಕ ಕೋಳಿಗಳ ಕೈಬಿಟ್ಟಳೆಂದು ಅವರೂ ಫೋನು ಮಾಡುವುದನ್ನು ನಿಲ್ಲಿಸಿದರು. ಆ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣ, "ಈ ಸಲ ಚರಗಕ್ಕ ನೀ ಬರಬ್ಯಾಡ," ಎಂದ.

"ಆತಣ್ಣಾ," ಎಂದು ಅವಳು ಅಫಜಲಪುರದ ಬಸ್ಸು ಹತ್ತಿದಳು.

ಎಳ್ಳ ಅಮಾವಾಸ್ಯೆಯ ದಿನ ನಮ್ಮಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಉಣ್ಣುವುದು ಪದ್ಧತಿ. ಉಣ್ಣುವ ಮೊದಲು ಭಜ್ಜಿಪಲ್ಯ, ಸಜ್ಜಿ ರೊಟ್ಟಿ, ಕಡುಬುಗಳ ಚೂರನ್ನು ಹೊಲದ ಸುತ್ತ ಎರಚುತ್ತೇವೆ. ಭೂಮಿಗೆ, ಹಕ್ಕಿಗೆ, ಇರುವೆಗೆ ಸಲ್ಲುವ ಆ ಪಾಲೇ ಚರಗ. ಅದನ್ನು ಚೆಲ್ಲುವ ಕೆಲಸ ಚಿಕ್ಕಂದಿನಿಂದಲೂ ನೀಲಮ್ಮನದು. ಆ ವರ್ಷದಿಂದ ಅಣ್ಣನೇ ಚೆಲ್ಲತೊಡಗಿದ. ಅವನದು ಜೋಳ ಬಿತ್ತಿದ ಹಾಗೆ, ಬಿಗಿಮುಷ್ಟಿಯಿಂದ ಬೀಸಿ ಎಸೆಯುವುದು. ಹಕ್ಕಿಗಳೂ ಹೆದರಿ ಏಳುತ್ತಿದ್ದವು.

ಪ್ರತಿ ವರ್ಷ ನಾನು ಮಜ್ಜಿಗೆ ಸೋಕದ ಅಡುಗೆಯನ್ನು ಡಬ್ಬಿಯಲ್ಲಿ ಕಟ್ಟಿ ಬಸ್ಸಿನವರ ಕೈಯಲ್ಲಿ ಅವಳಿಗೆ ಕಳಿಸುತ್ತಿದ್ದೆ. ಖಾಲಿ ಡಬ್ಬಿ ತಿರುಗಿಸಬಾರದಲ್ಲ, ಅವಳು ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ತುಂಬಿ ಕಳಿಸುತ್ತಿದ್ದಳು. ಯಾರದೆಂದು ಅಣ್ಣ ಕೇಳುತ್ತಿರಲಿಲ್ಲ. ರೊಟ್ಟಿಗೆ ಹಚ್ಚಿಕೊಂಡು ತಿಂದು, "ಉಪ್ಪು ಸ್ವಲ್ಪ ಕಡಿಮಿ ಆಗ್ಯಾದ," ಎನ್ನುತ್ತಿದ್ದ. ಮತ್ತೂ ಹಾಕಿಸಿಕೊಳ್ಳುತ್ತಿದ್ದ. ಡಬ್ಬಿ ತಳ ಕಂಡ ಮೇಲೆ ಕೆಲವು ದಿನ ಅವನ ಊಟ ಸಪ್ಪೆ. ಕರೆದುಬಿಡುತ್ತಾನೆ, ಮುಂದಿನ ವರ್ಷ ಖಂಡಿತ ಕರೆಯುತ್ತಾನೆ ಎಂದು ನಾನು ಕಾದೆ. ಹೋದ ಮಳೆಗಾಲದಲ್ಲಿ ಅಣ್ಣ ತೀರಿಕೊಂಡ.

ಈ ಸಲದ ಅಮಾವಾಸ್ಯೆಗೆ ನೀಲಮ್ಮ ಬಂದಳು. ಮಂಡಿನೋವು, ಬದುವಿನ ಮೇಲೆ ಕೂತು ಕೂತು ನಡೆದಳು. ಹೊಲ ಪೂರ್ತಿ ಸುತ್ತಿ ಚರಗ ಚೆಲ್ಲಿದಳು. ಅಣ್ಣ ಕೂಡುತ್ತಿದ್ದ ಬೇವಿನ ಗಿಡದ ಬುಡದಲ್ಲಿ ಒಂದು ಹಿಡಿ ಹೆಚ್ಚೇ ಬಿತ್ತು. ಆಮೇಲೆ ನನ್ನ ಪಕ್ಕ ಕೂತಳು.

"ಅಣ್ಣ ಹಿಂಡಿ ತಿಂತಿದ್ದನೇನು?"

"ತಿಂತಿದ್ದ. ಉಪ್ಪು ಕಡಿಮಿ ಅಂತಿದ್ದ."

ಅವಳು ರೊಟ್ಟಿ ಮುರಿದಳು. "ಹೇಳಿದ್ರ ಹಾಕ್ತಿದ್ದೆ," ಎಂದಳು.

ಇವತ್ತು ಮತ್ತೆ ಮೊಟ್ಟೆಯ ದಿನ. ವಾಚನಾಲಯದಿಂದ ಬರುವಾಗ ಶಾಲೆಯ ಅಡುಗೆಯಾಕೆ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟೋ ವರ್ಷ ನನ್ನನ್ನು ಕಂಡವಳು. "ಯಾಕ್ರಿ ಸರ, ಮೂಗು ಮುಚ್ಚಿಲ್ಲಲ್ಲ?" ಎಂದಳು. ಗೇಲಿ ಮಾಡಲು ಅವಳಿಗೆ ಹಕ್ಕಿದೆ.

ನಾನು ನಿಂತೆ. "ಮಕ್ಕಳಿಗೆ ತತ್ತಿ ಜೋಡಿ ಉಪ್ಪು ಕೊಡ್ತೀರೇನವ್ವಾ?"

"ಕೊಡ್ತೇವ್ರಿ. ಕಡಿಮಿ ಬಿದ್ರ ಕೇಳಿ ಹಾಕಿಸ್ಕೋತಾವ."

"ಕೇಳಲಿ," ಎಂದೆ. ಮನೆಯಲ್ಲಿ ಊಟದ ಹೊತ್ತು ಮೀರುತ್ತಿತ್ತು. ಮಕ್ಕಳ ಸಾಲು ಮುಗಿಯುವವರೆಗೆ ನಿಂತು, ಆಮೇಲೆ ನಡೆದೆ.