ತಂಗಿ ‘ಇಲ್ಲ’ ಎಂದು ಬರೆದ ಅರ್ಜಿ

ಇಳಕಲ್ಲಿನ ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ, ವೀಸಾ ಅರ್ಜಿ ತುಂಬಿಕೊಡುವ ಅಂಗಡಿಯೊಳಗೆ, ಪ್ರಿಂಟರ್ ಇಟ್ಟ ಸ್ಟೂಲಿನ ಎಡಕ್ಕೆ ನಾನು ನಿಂತಿದ್ದೆ. ಹೋದ ವರ್ಷ ಕಾರಹುಣ್ಣಿಮೆಯಾದ ಮೂರನೆಯ ದಿನ, ಬೆಳಿಗ್ಗೆ ಹನ್ನೊಂದೂವರೆ. ಕಂಪ್ಯೂಟರಿನ ಪರದೆಗೂ ನನಗೂ ನಡುವೆ ಎರಡು ಮೊಳ ಅಂತರ. ಕನ್ನಡಕ ಹಾಕಿಕೊಂಡಿದ್ದೆ. ಕಾಣಲಿಲ್ಲ ಎಂದು ನಾನು ಹೇಳುವಂತಿಲ್ಲ.

ನನ್ನ ಮುಂದಿನ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ಇಳಕಲ್ಲಿನಲ್ಲೇ ಸೀರೆ ನೇಯುತ್ತಾಳೆ. ಕನ್ನಡ ಓದುತ್ತಾಳೆ, ಬರೆಯುತ್ತಾಳೆ, ಇಂಗ್ಲಿಷ್ ಬರುವುದಿಲ್ಲ. ನಾನು ಹುನಗುಂದದ ಸಾಲೆಯೊಂದರಲ್ಲಿ ಗುಮಾಸ್ತ. ಕಾಗದ ಓದುವುದೇ ನನ್ನ ಕೆಲಸ. ಅದಕ್ಕೇ ಅಕ್ಕ ನನ್ನನ್ನು ಕರೆದುಕೊಂಡು ಹೋಗಿದ್ದಳು.

ನಮ್ಮಿಬ್ಬರಿಗೂ ಕಿರಿಯವಳು ತಂಗಿ. ದೂರದ ಚಳಿ ದೇಶದಲ್ಲಿ ನರ್ಸ್. ಆಗ ಅವಳಿಗೆ ಏಳು ತಿಂಗಳು, ಚೊಚ್ಚಲು. ಅವ್ವ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಹಾಗಾಗಿ ಬಾಣಂತನ ಅಕ್ಕನ ಪಾಲಿಗೆ ಬಂತು. ಅದನ್ನು ಯಾರೂ ಅವಳಿಗೆ ಒಪ್ಪಿಸಲಿಲ್ಲ, ಅವಳೂ ಕೇಳಲಿಲ್ಲ. ಸುದ್ದಿ ತಿಳಿದ ದಿನವೇ ಮಗ್ಗದ ಮೇಲಿದ್ದ ಸೀರೆ ಮುಗಿಸಲು ಕೂತಳು.

ಪಾಸ್‌ಪೋರ್ಟಿಗಾಗಿ ಬಾಗಲಕೋಟೆಗೆ ಮೂರು ಸಲ ಹೋದಳು. ಪೊಲೀಸರು ಮನೆಗೆ ಬಂದು ವಿಚಾರಿಸಿ ಹೋದರು. ಬಿಳಿ ಪರದೆಯ ಮುಂದೆ ಫೋಟೋ ತೆಗೆಸುವಾಗ ತಲೆಯ ಮೇಲಿನ ಸೆರಗು ತೆಗೆಯಬೇಕಾಯಿತು. “ಅವರಿಗೆ ನನ್ನ ಕಿವಿ ನೋಡಬೇಕಂತ” ಎಂದು ನಕ್ಕಳು. ಒಂದು ಚೀಲದಲ್ಲಿ ಬಾಣಂತಿಗೆ ಅಂಟಿನ ಉಂಡಿ ಕಟ್ಟಲು ಅಂಟು, ಒಣಕೊಬ್ಬರಿ, ಅಳವಿ ಬೀಜ, ಒಣಶುಂಠಿ ಪುಡಿ ಕೂಡಿಟ್ಟಳು. ತಾನೇ ನೇಯ್ದ ಸೀರೆಯ ತುಂಡಿನಿಂದ ಕೂಸಿನ ತಲೆಗೆ ಕಟ್ಟುವ ಕುಂಚಿಗಿ ಹೊಲಿದಳು. ತಂಗಿ ತನ್ನ ಕಡೆಯಿಂದ ಮೂರು ಕಾಗದ ಕಳಿಸಿದ್ದಳು: ಅಕ್ಕನನ್ನು ಕರೆಸಿಕೊಳ್ಳುತ್ತಿರುವ ಪತ್ರ, ತನ್ನ ನೌಕರಿಯ ಪತ್ರ, ಹೆರಿಗೆಯ ಅಂದಾಜು ದಿನ ಬರೆದ ಆಸ್ಪತ್ರೆಯ ಪತ್ರ.

ಅಂಗಡಿಯವನು ಆ ಮೂರನ್ನೂ ಓದದೆ ಡ್ರಾವರಿಗೆ ಹಾಕಿದ.

“ಯಾಕ ಹೊಂಟೀರಿ ಅಕ್ಕಾರ?”

“ತಂಗೀ ಬಾಣಂತನಕ್ಕ.”

“ಬಾಣಂತನಕ್ಕ ಯಾರೂ ವೀಸಾ ಕೊಡೂದಿಲ್ರಿ. ಪ್ರವಾಸ ಅನ್ರಿ. ಊರು ನೋಡಾಕ ಹೊಂಟೇನಿ ಅನ್ರಿ.”

“ಬಾದಾಮಿ ಗವೀನ ನಾ ಇನ್ನೂ ನೆಟ್ಟಗ ನೋಡಿಲ್ಲ. ಅಷ್ಟು ದೂರ ಹೋಗಿ ಏನ್ ನೋಡ್ಲಿ?”

“ಅರಮನಿ ನೋಡ್ರಿ, ಸೇತುವಿ ನೋಡ್ರಿ. ನಾ ಪಟ್ಟಿ ಕೊಡ್ತೇನಿ, ಬಾಯಿಪಾಠ ಮಾಡ್ರಿ.”

ಅಷ್ಟರಲ್ಲಿ ಅಕ್ಕನ ಫೋನ್ ರಿಂಗಾಯಿತು. ತಂಗಿ ಡ್ಯೂಟಿಗೆ ಹೊರಡುವ ಮೊದಲು ದಿನವೂ ಆ ಹೊತ್ತಿಗೆ ಫೋನ್ ಮಾಡುತ್ತಿದ್ದಳು. ಒಳಗೆ ಸರಿಯಾಗಿ ಕೇಳುತ್ತಿರಲಿಲ್ಲ. ಅಕ್ಕ ಎದ್ದು ಹೊಸ್ತಿಲಾಚೆ ಹೋಗಿ ನಿಂತಳು. “ಕಾಲು ಬಾತಾವೇನು? ನೀರು ಕುಡೀತೀ ಇಲ್ಲೋ?” ಎಂದು ಕೇಳುತ್ತಿದ್ದುದು ನನ್ನ ಕಿವಿಗೆ ಬೀಳುತ್ತಿತ್ತು.

ಆಗ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಆ ದೇಶದಲ್ಲಿ ನಿಮ್ಮ ಹತ್ತಿರದ ಸಂಬಂಧಿಕರು ಇದ್ದಾರೆಯೇ? ಎರಡು ಚೌಕ. ಅಂಗಡಿಯವನು ‘ಇಲ್ಲ’ ಎಂಬುದರ ಮೇಲೆ ಒತ್ತಿದ.

“ತಂಗಿ ಅಲ್ಲೇ ಅದಾಳಲ್ರಿ” ಎಂದೆ.

“ಸರ, ತಂಗಿ ಅದಾಳ ಅಂದ್ರ ಹೋದಾಕಿ ತಿರುಗಿ ಬರೂದಿಲ್ಲ ಅಂತ ತಿಳೀತಾರ. ಎಲ್ಲಾರಿಗೂ ನಾ ಹಿಂಗ ಹಾಕೂದು.”

ಬಾಗಿಲ ಬಳಿಯ ಬೆಂಚಿನ ಮೇಲೆ ಮೆಕ್ಕಾದ ಉಮ್ರಾ ಯಾತ್ರೆಯ ಕಾಗದಕ್ಕಾಗಿ ಬಂದಿದ್ದ ಕೆರೂರಿನ ಹಿರಿಯರೊಬ್ಬರು ಕೂತಿದ್ದರು. ಅವರು ತಲೆಯೆತ್ತಿ, “ಇದ್ದವ್ರನ್ನ ಇಲ್ಲ ಅಂತ ಬರೀತೀರೇನ್ರಿ?” ಎಂದರು.

“ಚಾಚಾ, ನಿಮ್ಮ ಪಾಳಿ ಬಂದಾಗ ಮಾತಾಡ್ರಿ.”

ಅವರು ಸುಮ್ಮನಾದರು. ನಾನೂ ಸುಮ್ಮನಾದೆ. ಅವರಿಗೆ ಅದು ಪರರ ವಿಷಯ. ನನಗೆ ನನ್ನ ತಂಗಿಯ ವಿಷಯ.

ಅಕ್ಕ ಒಳಗೆ ಬಂದಳು. “ಏನ್ ಕೇಳಿದ್ನೋ ತಮ್ಮಾ?” ಎಂದಳು. “ಏನಿಲ್ಲ ಬಿಡು” ಎಂದೆ. ಪ್ರಿಂಟರಿನಿಂದ ಹಾಳೆಗಳು ಬಂದವು, ಇನ್ನೂ ಬೆಚ್ಚಗಿದ್ದವು. ಅಕ್ಕ ಕೊನೆಯ ಹಾಳೆಯಲ್ಲಿ ಕನ್ನಡದಲ್ಲಿ, ಒಂದೊಂದೇ ಅಕ್ಷರ ತಿದ್ದಿದಂತೆ, ಸಹಿ ಹಾಕಿದಳು.

ಮುಂದಿನ ಹದಿನೈದು ದಿನ ಅವಳು ಮಗ್ಗದ ಮುಂದೆ ಅರಮನೆ, ಸೇತುವೆಗಳ ಹೆಸರು ಮಗ್ಗಿಯಂತೆ ಹೇಳಿಕೊಂಡಳು. ಲಾಳಿ ಆ ಕಡೆ ಹೋದರೆ ಅರಮನೆ, ಈ ಕಡೆ ಬಂದರೆ ಸೇತುವೆ. ನೆರೆಯ ಹೆಂಗಸರು, “ಅರಮನಿಗೆ ಹೊಂಟಾಕಿ, ನಮ್ಮನ್ನೂ ದಾಸಿಯರಂತ ಕರ್ಕೊಂಡು ಹೋಗವಾ” ಎಂದು ಚಾಷ್ಟಿ ಮಾಡುತ್ತಿದ್ದರು.

ಸಂದರ್ಶನಕ್ಕೆ ಚೆನ್ನೈಗೆ ಹೋದೆವು. ನನ್ನನ್ನು ಗೇಟಿನ ಹೊರಗೇ ನಿಲ್ಲಿಸಿದರು. ಒಳಗೆ ನಡೆದದ್ದನ್ನು ನಾನು ಕಂಡಿಲ್ಲ. ಅಕ್ಕ ಹೇಳಿದ್ದನ್ನಷ್ಟೇ ಬರೆಯುತ್ತೇನೆ. ಅಧಿಕಾರಿ ಅರಮನೆಯನ್ನೂ ಕೇಳಲಿಲ್ಲ, ಸೇತುವೆಯನ್ನೂ ಕೇಳಲಿಲ್ಲ. ಅಲ್ಲಿ ನಿಮ್ಮವರು ಯಾರಾದರೂ ಇದ್ದಾರಾ ಎಂದು ಕೇಳಿದ. ಪಕ್ಕದಲ್ಲಿದ್ದ ಹೆಣ್ಣುಮಗಳು ಅದನ್ನು ಕನ್ನಡದಲ್ಲಿ ಹೇಳಿದಳು.

“ಅದಾಳ್ರಿ, ನನ್ನ ತಂಗಿ. ತುಂಬಿದ ಬಸುರಿ.”

ಅಧಿಕಾರಿ ಹಾಳೆ ತಿರುಗಿಸಿ ತೋರಿಸಿದ. ಇಲ್ಲಿ ಇಲ್ಲ ಎಂದು ಬರೆದಿದೆ, ಕೆಳಗೆ ನಿಮ್ಮ ಸಹಿ ಇದೆ ಎಂದು ಆ ಹೆಣ್ಣುಮಗಳು ಹೇಳಿದಳು. ಅಕ್ಕ ಸಹಿ ನೋಡಿದಳು. ಅದು ಅವಳದೇ.

ಹೊರಗೆ ಬಂದು ಇದನ್ನು ಹೇಳುತ್ತ ನನ್ನ ಮುಖ ನೋಡಿದೊಡನೆ ಅವಳಿಗೆ ತಿಳಿಯಿತು.

“ನಿನಗ ಗೊತ್ತಿತ್ತೇನು?”

“ಗೊತ್ತಿತ್ತು.”

ಅವಳು ಕೂಗಾಡಲಿಲ್ಲ. “ಡಬ್ಬ್ಯಾಗ ಅಕ್ಕಿ ತೀರಿದ್ರ ಸುದ್ದಾ ಅಪಶಕುನ ಅಂತ ನಾವು ಇಲ್ಲ ಅನ್ನೂದಿಲ್ಲ, ಹೆಚ್ಚ್ಯಾವ ಅಂತೀವಿ. ಬಸುರೀನ ಇಲ್ಲ ಅಂತ ಬರಿಸಿ ನನ್ನ ಕಡಿಂದ ಸಹಿ ಹಾಕಿಸಿದಿ” ಎಂದಳು.

ಸುಳ್ಳು ಮಾಹಿತಿ ಕೊಟ್ಟದ್ದರಿಂದ ವೀಸಾ ನಿರಾಕರಿಸಲಾಗಿದೆ ಎಂದು ಪತ್ರ ಬಂತು. ಆಮೇಲೆ ನಾನು ಆ ದೇಶದ ನಿಯಮಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಮೊದಲೇ ಓದಬೇಕಿತ್ತು. ಮನೆಯವರನ್ನು ಕಾಣಲು ಹೋಗುವುದು ಅಲ್ಲಿ ತಪ್ಪಲ್ಲ. ಅದಕ್ಕೆ ಪ್ರತ್ಯೇಕ ಚೌಕವೇ ಇದೆ. ಬೇಕಾದದ್ದು ಮೂರು ಕಾಗದ. ಆ ಮೂರೂ ಅಂಗಡಿಯವನ ಡ್ರಾವರಿನಲ್ಲಿದ್ದವು.

ಅವುಗಳನ್ನು ತರಲು ಹೋದೆ. ನಿನ್ನ ಸುಳ್ಳಿನಿಂದ ಹೀಗಾಯಿತು ಎಂದೆ. ಅವನು ಬೇರೆ ಯಾರದೋ ಅರ್ಜಿ ತುಂಬುತ್ತಲೇ, “ನೀವರ ಅಕ್ಕಾರಿಗೆ ಹೇಳಿಕೊಟ್ಟು ಕಳಸಬೇಕಿತ್ತಲ್ರಿ ಸರ. ಒತ್ತಿದ್ದನ್ನ ನೀವು ಕಂಡಿದ್ರಿ” ಎಂದ. ಆ ಮಾತಿಗಾಗಿ ಅವನ ಮೇಲೆ ನನಗಿರುವ ಸಿಟ್ಟು ಇಂದಿಗೂ ಆರಿಲ್ಲ. ಆ ಮಾತು ಖರೆ ಇತ್ತು. ಅದಕ್ಕಾಗಿ ನನ್ನ ಮೇಲೆಯೇ ನನಗಿರುವ ಸಿಟ್ಟೂ ಆರಿಲ್ಲ.

ತಂಗಿಗೆ ಹೆಣ್ಣುಕೂಸು ಹುಟ್ಟಿತು. ಎರಡನೆಯ ದಿನವೇ ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಬಕೆಟ್ಟಿಗೆ ಫೋನ್ ಆನಿಸಿಟ್ಟು ಅವಳೇ ಕೂಸಿಗೆ ನೀರು ಹಾಕುತ್ತಿದ್ದಳು. ಇಳಕಲ್ಲಿನಿಂದ ಅಕ್ಕ, “ಕಾಲ ಮ್ಯಾಲ ಬೋರಲ ಹಾಕ್ಕೊ, ಕುತ್ತಿಗಿ ಹಿಡಿ” ಎಂದು ಹೇಳಿಕೊಡುತ್ತಿದ್ದಳು. ಕುಂಚಿಗಿ ಕೊರಿಯರಿನಲ್ಲಿ ಹೋಯಿತು. ಮುಟ್ಟುವ ಹೊತ್ತಿಗೆ ಕೂಸಿನ ತಲೆಗೆ ಅದು ಸಣ್ಣದಾಗಿತ್ತು.

‘ಇಲ್ಲ’ ಎಂದು ಒತ್ತಿದ್ದನ್ನು ಕಂಡವರು, ಕೇಳಿದವರು ಕೂಡಿ ಮೂವರು. ಅಂಗಡಿಯವನು ಇದ್ದಾನೆ, ಅದೇ ಕುರ್ಚಿಯಲ್ಲಿ ಕೂತಿರುತ್ತಾನೆ. ಕೆರೂರಿನ ಹಿರಿಯರು ಇದ್ದಾರೆ. ಯಾತ್ರೆ ಮುಗಿಸಿ ಬಂದಿದ್ದಾರೆ, ಕೇಳಿದರೆ ನಾನು ಬರೆದದ್ದನ್ನೇ ಹೇಳುತ್ತಾರೆ. ನಾನು ಇದ್ದೇನೆ. ಹೊಸ್ತಿಲಾಚೆ ನಿಂತಿದ್ದ ಅಕ್ಕ ಕಂಡಿರಲಿಲ್ಲ. ಅವಳು ಆಗ ತಂಗಿಯೊಡನೆ ಮಾತಾಡುತ್ತಿದ್ದಳು.