ಶ್ರಾವಣದಲ್ಲಿ ಕಂಡ ರಕ್ತ

ನಮ್ಮ ಮನೆಯಲ್ಲಿ ರಕ್ತ ಕಂಡು ಯಾರೂ ಹೌಹಾರುವುದಿಲ್ಲ. ಜೇವರ್ಗಿಯಲ್ಲಿ ವಿಜಯಪುರದ ರಸ್ತೆಗೆ ಹತ್ತಿಕೊಂಡು ನಮ್ಮ ಮಟನ್ ಅಂಗಡಿ, ಅದರ ಹಿಂದೆಯೇ ಮನೆ. ನಾವು ಖಾಟಿಕರು. ಬೆಳಿಗ್ಗೆ ಮುಲ್ಲಾ ಚಾಚಾ ಬಂದು ಕುರಿಯ ಕೊರಳಿಗೆ ಕತ್ತಿ ಹಚ್ಚಬೇಕು. ನಮ್ಮಲ್ಲಿ ಹಿಂದೂ ಗಿರಾಕಿಯೂ ಅವರ ಕೈಯಿಂದ ಕೊಯ್ದದ್ದನ್ನೇ ಕೇಳುತ್ತಾನೆ. ತೊಗಲು ಸುಲಿಯುವುದು, ತುಂಡು ಹೊಡೆಯುವುದು ನನ್ನ ಗಂಡ ಮತ್ತು ಮೈದುನನ ಪಾಲು. ಬೋಟಿಯ ಬುಟ್ಟಿ ನನ್ನ ಪಾಲು. ಕರುಳನ್ನು ಹಿಂಡಿ, ಮಗುಚಿ, ಸುಣ್ಣದ ನೀರಿನಲ್ಲಿ ತಿಕ್ಕಿ ತೊಳೆಯಬೇಕು. ತವರೂರು ಕಿಣ್ಣಿ ಸುಲ್ತಾನದಿಂದ ಮದುವೆಯಾಗಿ ಬಂದ ವಾರಕ್ಕೇ ಅತ್ತೆ ಆ ಬುಟ್ಟಿಯನ್ನು ನನ್ನ ಮುಂದೆ ತಂದು ಕುಕ್ಕಿದ್ದಳು. ಮೂಗು ಮುಚ್ಚಿಕೊಂಡರೆ ಕೈಯಿಂದ ಕುಟ್ಟುತ್ತಿದ್ದಳು.

ಗಂಡ ಎತ್ತರದ ಆಳು. ಸಿಟ್ಟು ಮೂಗಿನ ತುದಿಯಲ್ಲಿ. ನಾನೂ ಕಡಿಮೆಯವಳಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮ್ಮದು ಉಂಡು ಮಲಗಿ ಎದ್ದ ಮೇಲೂ ನಡೆಯುತ್ತಿತ್ತು. ಅವನು ಒಂದು ಕೊಟ್ಟರೆ ನಾನು ಎರಡು ಕೊಡುತ್ತಿದ್ದೆ. ನನ್ನ ಎಡಗೈ ಮಣಿಕಟ್ಟು ಸೊಟ್ಟಗಿದೆ, ಅವನ ಹುಬ್ಬಿನ ಮೇಲೆ ಲಟ್ಟಣಿಗೆಯ ಗುರುತಿದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ನಮ್ಮ ಮನೆ ಹಾಗಿತ್ತು.

ಒಂದು ಬೇಸಗೆಯಿಂದ ಅವನು ಕರಗತೊಡಗಿದ. ಗಿರಾಕಿಗಳ ನಡುವೆಯೇ ಮಾಂಸ ಕಡಿಯುವ ಸತ್ತೂರವನ್ನು ಕೊರಡಿಗೆ ಕಚ್ಚಿಸಿ ಸಂಡಾಸಿಗೆ ಓಡುತ್ತಿದ್ದ. ನನ್ನ ಅಡಿಗೆಯ ಖಾರ ಜಾಸ್ತಿಯಾಗಿದೆ ಎಂದು ತಾಟನ್ನು ಗೋಡೆಗೆ ಒಗೆದ. ಖಾರ ಬಿಟ್ಟು ಮಾಡಿದೆ, ಸಪ್ಪಗಿದೆ ಎಂದು ಮತ್ತೆ ಒಗೆದ. ನನಗೆ ಹೇಳದೆ ಅಫಜಲಪುರದ ಕಡೆ ಯಾರೋ ಮೂಲವ್ಯಾಧಿ ವೈದ್ಯನ ಹತ್ತಿರ ಹೋಗಿ ಸುಡುವಂಥ ಸೂಜಿ ಚುಚ್ಚಿಸಿಕೊಂಡು ಬಂದು, ಎರಡು ದಿನ ಬೋರಲು ಮಲಗಿ ಹಾಸಿಗೆ ಕಚ್ಚಿದ. ಕೇಳಿದರೆ ಬೆನ್ನು ಹಿಡಿದಿದೆ ಎಂದ. ನಾನು ನಂಬಿದೆ. ಅವನ ಲುಂಗಿಯನ್ನು ದಿನವೂ ಒಗೆಯುವವಳು ನಾನೇ. ದಿನವೂ ಅದರಲ್ಲಿ ರಕ್ತ ಇರುತ್ತಿತ್ತು. ಖಾಟಿಕನ ಲುಂಗಿಯಲ್ಲಿ ರಕ್ತ ಇರದೆ ಮತ್ತೇನು ಅತ್ತರು ಇರುತ್ತದೆಯೇ? ಕುರಿಯದೆಂದು ಹಿಂಡಿ ಹಾಕುತ್ತಿದ್ದೆ.

ಶ್ರಾವಣ ಬಂತು. ಶ್ರಾವಣದಲ್ಲಿ ನಾವು ಅಂಗಡಿ ಪೂರ್ತಿ ಮುಚ್ಚುತ್ತೇವೆ, ಮಾವನ ಕಾಲದಿಂದ ಬಂದ ನೇಮ. ಕೊರಡು ಒಣಗಿತ್ತು, ಕತ್ತಿಗಳಿಗೆ ಎಣ್ಣೆ ಹಚ್ಚಿ ಮೇಲಿಟ್ಟಾಗಿತ್ತು. ಒಂದು ಬೆಳಿಗ್ಗೆ ಅವನ ಲುಂಗಿಯನ್ನು ಬಕೀಟಿನಲ್ಲಿ ಅದ್ದಿದೆ. ನೀರು ಕೆಂಪಾಯಿತು. ರೂಢಿಯಂತೆ ಎರಡು ಸಲ ತಿಕ್ಕಿಯೂ ಬಿಟ್ಟಿದ್ದೆ. ಮೂರನೆಯ ಸಲಕ್ಕೆ ನನ್ನ ಕೈ ನಿಂತಿತು. ಮನೆಯಲ್ಲಿ ಕುರಿ ಕೊಯ್ದು ವಾರದ ಮೇಲಾಗಿತ್ತು.

ಅವನು ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ. ಹಸಿ ಲುಂಗಿಯನ್ನು ಹಾಗೇ ಎತ್ತಿ ಅವನ ಮುಖಕ್ಕೆ ಬೀಸಿದೆ.

“ಇದು ಯಾವ ಕುರಿದು, ಹೇಳ್ರಿ?”

ಎದ್ದವನೇ ಕಪಾಳಕ್ಕೆ ಹೊಡೆದ. ಕಿವಿ ಗುಂಯ್ ಎಂದಿತು. ನಾನು ಒಗೆಯುವ ಬಡಿಗೆ ಎತ್ತಿದೆ. ಅದು ತಾಗುವ ಮೊದಲೇ ಅವನು ಹೊಟ್ಟೆ ಹಿಡಿದುಕೊಂಡು ಕುಕ್ಕರಿಸಿದ. ಬಡಿಗೆ ಎತ್ತಿದ ಕೈ ಹಾಗೇ ಉಳಿಯಿತು. ಕೈಗೆ ಸಿಕ್ಕ ಗಂಡನನ್ನು ಹೊಡೆಯದೆ ಬಿಟ್ಟದ್ದು ಅದೇ ಮೊದಲು. ಗಲಾಟೆ ಕೇಳಿ ಬಂದ ಮುಲ್ಲಾ ಚಾಚಾ ಲುಂಗಿಯನ್ನು ನೋಡಿದರು, ಅವನ ಮುಖವನ್ನು ನೋಡಿದರು. ಹಟ ಸಾಕು ಬೇಟಾ ಎಂದು ರಟ್ಟೆ ಹಿಡಿದು ಎಬ್ಬಿಸಿ, ಕಲಬುರ್ಗಿಯ ಜೀಪು ಹತ್ತಿಸಿದರು.

ಕಲಬುರ್ಗಿಯ ಡಾಕ್ಟರ್ ಹಿಂದಿನಿಂದ ನಳಿಗೆ ಹಾಕಿ ಟಿವಿಯಲ್ಲಿ ಒಳಗನ್ನು ತೋರಿಸಿದರು. ದೊಡ್ಡ ಕರುಳಿನ ಕೆಳಗಿನ ಭಾಗದ ತುಂಬ ಹುಣ್ಣು. ಮುಟ್ಟಿದಲ್ಲಿ ರಕ್ತ. ಇದು ಮೂಲವ್ಯಾಧಿಯಲ್ಲ, ಖಾರದಿಂದ ಬಂದದ್ದೂ ಅಲ್ಲ ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಸ್ವಂತ ಕರುಳನ್ನು ಕಡಿಯುತ್ತಿದೆಯಂತೆ. ಒಳಗೂ ಇವನದೇ ಸ್ವಭಾವ ಅಂದುಕೊಂಡೆ. ಪೂರ್ತಿ ಹೋಗುವ ರೋಗವಲ್ಲ, ಔಷಧಿಯಿಂದ ಹಿಡಿದಿಡಬಹುದು ಎಂದರು.

ಗಂಡನಿಗೆ ಈ ಹಿಡಿದಿಡುವ ಮಾತೇ ಹಿಡಿಸಲಿಲ್ಲ. ಕೆಟ್ಟದ್ದನ್ನು ಕೊಯ್ದು ಒಗೆಯಿರಿ, ಉಳಿದದ್ದನ್ನು ಗಂಟು ಹಾಕಿರಿ ಎಂದ, ಕುರಿಯ ಮಾತು ಆಡುವಂತೆ. ಹಾಗೆ ಆಗುವುದಿಲ್ಲ, ಕೊಯ್ದರೆ ದೊಡ್ಡ ಕರುಳನ್ನು ಇಡಿಯಾಗಿ ತೆಗೆಯಬೇಕು, ಹೊಟ್ಟೆಗೆ ರಂಧ್ರ ಮಾಡಿ ಚೀಲ ಅಂಟಿಸಬೇಕು, ಮಲ ಅದರಲ್ಲಿ ಬೀಳುತ್ತದೆ ಎಂದು ಡಾಕ್ಟರ್ ತಿಳಿಸಿ ಹೇಳಿದರು. ಸಾವಿರ ಕುರಿಗಳ ಹೊಟ್ಟೆ ಬಗೆದವನ ಮುಖ ಬೂದಿಯಾಯಿತು. ಹೊರಗೆ ಬಂದು ನನ್ನ ಸೆರಗು ಹಿಡಿದು ಜಗ್ಗಿದ.

“ನನ್ನ ಹೊಟ್ಟಿಗಿ ಚೀಲ ಕಟ್ಟಿಸಿದಿ ಅಂದ್ರ, ಅದೇ ದಿನ ನನ್ನ ಕೊರಳಿಗಿ ನಾನೇ ಕತ್ತಿ ಹಾಕ್ಕೋತೇನಿ. ನೆನಪಿಟ್ಕೋ.”

ಬೇರೆಯವರು ಆಡಿದ್ದರೆ ನೋವಿನ ಮಾತು ಎಂದು ಬಿಡಬಹುದಿತ್ತು. ಇವನು ಬಾಯಲ್ಲಿ ಆಡಿದ್ದನ್ನು ಕೈಯಲ್ಲಿ ಮಾಡದೆ ಬಿಟ್ಟವನಲ್ಲ. ಕತ್ತಿಗಳೋ, ನಮ್ಮ ಮನೆಯಲ್ಲಿ ಚಮಚಗಳಿಗಿಂತ ಹೆಚ್ಚಿವೆ. ಅಂದಿನಿಂದ ನನಗೆ ಒಂದೇ ಹಟ ಹಿಡಿಯಿತು: ಹೇಗಾದರೂ ಆ ಕರುಳನ್ನು ಉಳಿಸಬೇಕು.

ಮೊದಲು ಸ್ಟೀರಾಯ್ಡ್ ಗುಳಿಗೆ ಕೊಟ್ಟರು. ರಕ್ತ ಇಳಿಯಿತು, ಸಿಟ್ಟು ಏರಿತು. ಮುಖ ಊದಿ ದುಂಡಗಾಯಿತು, ನಿದ್ದೆ ಹಾರಿಹೋಯಿತು. ಗಿರಾಕಿಯೊಬ್ಬ ಎಲುಬು ಜಾಸ್ತಿ ಹಾಕಿದೆ ಎಂದದ್ದಕ್ಕೆ ಅವನ ಬೆರಳುಗಳನ್ನು ಕೊರಡಿನ ಮೇಲೆ ಒತ್ತಿ ಹಿಡಿದು ಸತ್ತೂರ ಎತ್ತಿದ. ಮೈದುನ ಹಿಂದಿನಿಂದ ತೆಕ್ಕೆ ಹಾಯದಿದ್ದರೆ ಆ ಬೆರಳುಗಳು ಹೋಗುತ್ತಿದ್ದವು. ಮೈದುನನಿಗೆ ಅದೇ ಸತ್ತೂರದ ಹಿಡಿಯಿಂದ ಬಿತ್ತು, ಅವನ ಮುಂದಿನ ಹಲ್ಲು ಮುರಿಯಿತು. ಒಮ್ಮೆ ನನ್ನ ಕೊರಳು ಹಿಸುಕಿ ಗೋಡೆಗೆ ಒತ್ತಿದ. ಅವನ ಹೆಬ್ಬೆರಳನ್ನು ಎಲುಬಿಗೆ ಹಲ್ಲು ತಾಗುವ ತನಕ ಕಚ್ಚಿ ಬಿಡಿಸಿಕೊಂಡೆ. ಈ ಗುಳಿಗೆಯಿಂದ ತಲೆ ಕೆಡುವುದುಂಟು ಎಂದು ಡಾಕ್ಟರ್ ಹೇಳಿದಾಗ ನನಗೆ ನಗು ಬಂತು. ಯಾವ ಏಟು ಗುಳಿಗೆಯದು, ಯಾವುದು ಅವನ ಸ್ವಂತದ್ದು ಎಂದು ನಾನು ಹೇಗೆ ವಿಂಗಡಿಸಲಿ?

ಗುಳಿಗೆ ಇಳಿಸಿದರೆ ರಕ್ತ ಮರಳುತ್ತಿತ್ತು. ಕೊನೆಗೆ ಡಾಕ್ಟರ್ ಎರಡು ವಾರಕ್ಕೊಮ್ಮೆ ಚುಚ್ಚುವ ಸೂಜಿ ಬರೆದರು. ಅದನ್ನು ಐಸಿನ ಡಬ್ಬಿಯಲ್ಲಿ ತರಿಸಿಕೊಡುವವನು ಕಲಬುರ್ಗಿಯ ಒಬ್ಬ ಔಷಧಿ ಅಂಗಡಿಯವ, ಮಾತಿನ ಮಲ್ಲ. ಈ ಸೂಜಿ ಪರದೇಶದಲ್ಲಿ ಹುಟ್ಟಿದ್ದು, ಮೊದಲು ಒಂದು ಸೂಜಿಗೆ ಕುರಿಹಿಂಡು ಮಾರಬೇಕಿತ್ತು, ಈಗ ನಮ್ಮ ದೇಶದ ಕಂಪನಿಗಳೇ ಪೈಪೋಟಿಯಲ್ಲಿ ತಯಾರಿಸುವುದರಿಂದ ಒಂದು ಒಳ್ಳೆ ಹೋತದ ಬೆಲೆಗೆ ಇಳಿದಿದೆ ಎಂದು ವಿವರಿಸಿದ. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಇದು ಮೊದಲು ಬಿಳಿಯರ ರೋಗವಾಗಿತ್ತು, ಈಗ ನಮ್ಮ ಕಡೆಯೂ ಪೇಶಂಟುಗಳು ಹೆಚ್ಚುತ್ತಿದ್ದಾರೆ, ಇನ್ನು ಮುಂದೆ ಆಳಂದ, ಜೇವರ್ಗಿಯಲ್ಲೂ ಒಳ್ಳೆ ಮಾರ್ಕೆಟ್ ಇದೆ ಎಂದು ಹಲ್ಲು ಕಿಸಿದ. ಗಲ್ಲಾದ ಮೇಲಿಂದ ಬಾಗಿ ಅವನ ಕಾಲರು ಹಿಡಿದೆ. ನನ್ನ ಗಂಡ ರಕ್ತ ಸುರಿಸುವುದು ನಿನ್ನ ಸಂತೆಯೇನು ಎಂದು ಕೇಳಿದೆ. ಗಿರಾಕಿಗಳು ಬಿಡಿಸಿದರು. ಹೊರಗೆ ಬಂದಾಗ ಗಂಡ ಮೆಟ್ಟಿಲ ಮೇಲೆ ಕುಳಿತು ನಗುತ್ತಿದ್ದ. ತಿಂಗಳುಗಳಿಂದ ಆ ನಗು ಕಂಡಿರಲಿಲ್ಲ.

ಆದರೆ ಸಿಟ್ಟು ಇಳಿದ ಮೇಲೆ ನನಗೇ ಅನ್ನಿಸಿತು, ಅವನು ಹೇಳಿದ್ದರಲ್ಲಿ ಹೊಸದೇನಿದೆ. ನಾನು ತೊಳೆದ ಸಣ್ಣ ಕರುಳನ್ನು ಉಪ್ಪು ಹಾಕಿ ಸೊಲ್ಲಾಪುರದ ವ್ಯಾಪಾರಿ ಒಯ್ಯುತ್ತಾನೆ. ಅದು ಮುಂಬೈಗೆ ಹೋಗಿ, ಹಡಗು ಹತ್ತಿ, ಪರದೇಶದವರು ಮಾಂಸ ತುಂಬಿ ತಿನ್ನುವ ಕೊಳವೆಯಾಗುತ್ತದೆ. ಇಲ್ಲಿಂದ ಕುರಿಯ ಕರುಳು ಅಲ್ಲಿಗೆ, ಅಲ್ಲಿ ಹುಟ್ಟಿದ ಮನುಷ್ಯರ ಕರುಳಿನ ಔಷಧಿ ಇಲ್ಲಿಗೆ. ಕುರಿಗೆ ರೋಗ ಬಂದರೆ ಅದರ ಬೆಲೆ ಬೀಳುತ್ತದೆ. ಮನುಷ್ಯನಿಗೆ ರೋಗ ಬಂದ ಮೇಲೆಯೇ ಬೆಲೆ ಹುಟ್ಟುತ್ತದೆ. ಇದರ ಮೇಲೆ ನನಗೆ ಈಗಲೂ ಸಿಟ್ಟಿದೆ, ಯಾರ ಕಾಲರು ಹಿಡಿಯಬೇಕೆಂದು ಮಾತ್ರ ತಿಳಿಯುವುದಿಲ್ಲ.

ಸೂಜಿ ಮೈಗೆ ಹತ್ತಿತು, ರಕ್ತ ನಿಂತಿತು. ಚಳಿಗಾಲ ಕಳೆಯುವಷ್ಟರಲ್ಲಿ ಒಬ್ಬನೇ ಟಗರು ಎತ್ತಿ ಕೊಂಡಿಗೆ ತೂಗುಹಾಕುವಂತಾದ. ಮನೆಯ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಆ ಡಬ್ಬಿ ಇರುತ್ತಿತ್ತು. ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ತಾನೇ ತೆಗೆದು, ತಾನೇ ಕಂಪೌಂಡರನ ಹತ್ತಿರ ಒಯ್ದು ಚುಚ್ಚಿಸಿಕೊಂಡು ಬರುತ್ತಿದ್ದ. ಬೇಸಗೆ ಬಂತು. ನಮ್ಮ ಬಿಸಿಲು ಗೊತ್ತಲ್ಲ, ಕರೆಂಟು ಹೋದರೆ ಸಂಜೆಯೇ ಗತಿ. ಆಗ ಮತ್ತೆ ರಕ್ತ ಕಾಣಿಸಿತು. ಮೈ ಔಷಧಿಗೆ ಒಗ್ಗಿಹೋಗಿರಬಹುದು, ಇನ್ನೆರಡು ಡೋಸು ನೋಡೋಣ ಎಂದರು ಡಾಕ್ಟರ್. ನೋಡಿದೆವು. ರಕ್ತ ಹೆಚ್ಚಿತು.

ಗೊಬ್ಬೂರದಲ್ಲಿ ಒಂದು ಬೀಗರೂಟದ ಕೆಲಸ ಒಪ್ಪಿಕೊಂಡಿದ್ದೆವು. ಮೈದುನನನ್ನು ಅಂಗಡಿಗೆ ಬಿಟ್ಟು ನಾವಿಬ್ಬರೇ ಹೋಗಿದ್ದೆವು. ಒಲೆಯ ಪಕ್ಕದ ಕೊರಡಿನ ಮೇಲೆ ತುಂಡು ಹೊಡೆಯುತ್ತಿದ್ದವನು ಸತ್ತೂರ ಹಿಡಿದೇ ಮುಂದಕ್ಕೆ ಬಿದ್ದ. ಕುರಿಯ ರಕ್ತದಲ್ಲಿ ಅವನದೂ ಹರಿದು ಕೂಡಿತು. ಮದುವೆಯವರ ಜೀಪಿನಲ್ಲಿ ಕಲಬುರ್ಗಿಗೆ ಹಾಕಿಕೊಂಡು ಹೋದೆವು. ದಾರಿಯುದ್ದಕ್ಕೂ ಅವನ ಕೆನ್ನೆಗೆ ಹೊಡೆಯುತ್ತಾ, ಕಣ್ಣು ಮುಚ್ಚಬೇಡ ಎಂದು ಬೈಯುತ್ತಾ ಕುಳಿತಿದ್ದೆ.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಸೂಜಿಯನ್ನು ಎಲ್ಲಿಡುತ್ತೀರಿ ಎಂಬುದು. ಫ್ರಿಜ್ಜಿನಲ್ಲಿ ಎಂದೆ. ಮುಂದಿನ ಡೋಸು ತರಿಸಿ ನೋಡೋಣವೆಂದು ಮೈದುನನಿಗೆ ಫೋನು ಹಚ್ಚಿದೆ. ಅವನು ಮನೆಯ ಫ್ರಿಜ್ಜಿನ ಕಡೆ ಹೋಗಲೇ ಇಲ್ಲ. ಡಬ್ಬಿ ಅಂಗಡಿಯ ಡೀಪ್ ಫ್ರೀಜರಿನಲ್ಲಿ, ಕುರಿ ತಲೆಗಳ ಕೆಳಗಿದೆ ಎಂದು ಫೋನಿನಲ್ಲೇ ಹೇಳಿದ. ಬೇಸಗೆ ಹುಟ್ಟಿದಾಗಿನಿಂದ ಅಣ್ಣ ಅಲ್ಲೇ ಇಡುತ್ತಿದ್ದನಂತೆ. ಮೊಸರಿನ ಪಕ್ಕ ಡಬ್ಬಿ ಕಾಣದಿದ್ದಾಗೆಲ್ಲ ಚುಚ್ಚಿಸಿಕೊಳ್ಳಲು ಒಯ್ದಿದ್ದಾನೆ ಎಂದುಕೊಂಡಿದ್ದೆ. ಕಲ್ಲಾಗುವ ತನಕ ತಣ್ಣಗಿದ್ದದ್ದು ಕರೆಂಟು ಹೋದರೂ ಕೆಡುವುದಿಲ್ಲ. ಇದು ಖಾಟಿಕರ ಶಾಸ್ತ್ರ, ಮಾಂಸಕ್ಕೆ ಸರಿಯಾದ ಶಾಸ್ತ್ರ. ಚುಚ್ಚಿಸಿಕೊಳ್ಳುವ ದಿನ ಬಿಸಿಲಿಗಿಟ್ಟು ಕರಗಿಸುತ್ತಿದ್ದನಂತೆ. ಡಾಕ್ಟರ್ ಕಣ್ಣು ಮುಚ್ಚಿಕೊಂಡರು. ಈ ಔಷಧಿ ಒಮ್ಮೆ ಹೆಪ್ಪುಗಟ್ಟಿದರೆ ಸತ್ತಂತೆಯೇ, ಇಷ್ಟು ದಿನ ನೀರು ಚುಚ್ಚಿದ ಹಾಗಾಯಿತು ಎಂದರು. ಈಗ ಹೊಸ ಸೂಜಿ ತಂದು ಕಾಯುವಷ್ಟು ಹೊತ್ತಿಲ್ಲ, ಕರುಳು ಒಡೆಯುವ ಹಾಗಿದೆ, ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದರು. ಅವನಿಗೆ ಎಚ್ಚರವಿರಲಿಲ್ಲ. ಕತ್ತಿಯ ಮಾತು ನೆನಪಿದ್ದೂ ನಾನು ಸಹಿ ಮಾಡಿದೆ.

ಮೈದುನ ಬಂದಾಗ ಕಾರಿಡಾರಿನಲ್ಲೇ ಚಪ್ಪಲಿ ಕಳಚಿದೆ. ಕೆನ್ನೆಗೆ, ತಲೆಗೆ, ಬೆನ್ನಿಗೆ, ಸಿಕ್ಕಲ್ಲಿ ಬಡಿದೆ. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾ ಬಡಿದೆ. ಅವನು ಕೈ ಅಡ್ಡ ಹಿಡಿಯಲಿಲ್ಲ.

“ಫ್ರಿಜ್ನಾಗ ಇಡು ಅಂತ ಒಮ್ಮೆ ಅಂದಿದ್ದೆ ವೈನಿ,” ಎಂದು ಮುರಿದ ಹಲ್ಲನ್ನು ತೋರಿಸಿದ. “ಅಣ್ಣನ ಮುಂದ ಎರಡನೇ ಸಲ ಬಾಯಿ ತಗಿಯೋ ಧೈರ್ಯ ಯಾರಿಗದ, ನೀವೇ ಹೇಳ್ರಿ.”

ಚಪ್ಪಲಿ ಕೆಳಗೆ ಹಾಕಿ ಕಾಲಿಗೆ ಮೆಟ್ಟಿಕೊಂಡೆ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ.

ಆಪರೇಶನ್ ಮುಗಿದ ಮೇಲೆ ತೆಗೆದದ್ದನ್ನು ಮನೆಯವರಿಗೆ ತೋರಿಸುವ ಪದ್ಧತಿ ಇದೆಯಂತೆ. ಗಟ್ಟಿ ಎದೆಯವರು ಒಬ್ಬರು ಬರ್ರಿ ಎಂದು ಕರೆದರು. ಮೈದುನ ನನ್ನನ್ನು ಮುಂದೆ ಮಾಡಿದ, ಈಕೆಗೆ ರೂಢಿ ಇದೆ ಎಂದ. ಸ್ಟೀಲಿನ ತಟ್ಟೆಯಲ್ಲಿ ನನ್ನ ಗಂಡನ ಕರುಳು ಇತ್ತು. ಇನ್ನೂ ಬಿಸಿ ಇದ್ದಿರಬೇಕು. ಕೆಳಗಿನ ಭಾಗ ಕಪ್ಪಾಗಿ, ಊದಿ, ಹರಿದ ಚಿಂದಿಯಾಗಿತ್ತು. ಮೇಲಿನದು ಹಾಗಿರಲಿಲ್ಲ. ನುಣುಪಾಗಿ, ತೆಳು ಗುಲಾಬಿಯಾಗಿ, ಅರ್ಧಕ್ಕಿಂತ ಹೆಚ್ಚು ಉದ್ದ ನನ್ನ ಕಣ್ಣಿಗೆ ಚೊಕ್ಕವಾಗಿತ್ತು. ಬೇಸಗೆಯ ತನಕ ಆ ಸೂಜಿ ಕಾದು ಉಳಿಸಿಕೊಂಡು ಬಂದದ್ದು ಅಷ್ಟು. ನನಗೆ ಯಾವ ರೂಢಿಯೂ ಇರಲಿಲ್ಲ. ಗೋಡೆ ಹಿಡಿದು ಹೊರಗೆ ಬಂದು ವಾಂತಿ ಮಾಡಿಕೊಂಡೆ, ಆಮೇಲೆ ಬಿಕ್ಕಿ ಬಿಕ್ಕಿ ಅತ್ತೆ. ಮೈದುನನನ್ನು ಹತ್ತಿರ ಕರೆದು, ಫ್ರೀಜರಿನ ಮಾತು ನಿನ್ನ ಬಾಯಿಂದ ಅಣ್ಣನ ಕಿವಿಗೆ ಬಿದ್ದರೆ ನಾಲಿಗೆ ಕೊಯ್ಯುತ್ತೇನೆ ಎಂದೆ. ಡಾಕ್ಟರರ ಕಾಲು ಹಿಡಿದೂ ಅದನ್ನೇ ಬೇಡಿಕೊಂಡೆ.

ಮರುದಿನ ಅವನಿಗೆ ಪೂರ್ತಿ ಎಚ್ಚರವಾಯಿತು. ಕೈ ಹೊಟ್ಟೆಯ ಮೇಲೆ ಆಡಿತು, ಚೀಲ ಸಿಕ್ಕಿತು. ಬೆರಳು ಹಾಕಿ ಕೀಳಲು ಹೋದ. ನಾನು ಅವನ ಮುಂಗೈಯನ್ನು ಮಂಚದ ಕಬ್ಬಿಣಕ್ಕೆ ಒತ್ತಿ ಹಿಡಿದೆ. ಆ ಸ್ಥಿತಿಯಲ್ಲೂ ಬಿಡಿಸಿಕೊಳ್ಳಲು ಒದ್ದಾಡಿದ, ನನ್ನ ಬಳೆ ಒಡೆದು ಇಬ್ಬರ ಕೈಗೂ ಚುಚ್ಚಿತು. ಕೊನೆಗೆ ಸೋತು, ಇನ್ನೊಂದು ಕೈಯನ್ನು ಚೀಲದ ಮೇಲಿಟ್ಟು ನನ್ನ ಕಣ್ಣನ್ನೇ ನೋಡಿದ.

“ನೀ ನೋಡಿದಿ ಅಲ್ಲ? ಖರೇ ಹೇಳು. ಎಷ್ಟು ಕೆಟ್ಟಿತ್ತು? ಸೂಜಿ ಹತ್ತಿದ್ರ ಉಳೀತಿತ್ತೇನು?”

ಬೋಟಿಯ ವಿಷಯದಲ್ಲಿ ಅವನು ನನ್ನ ಮಾತನ್ನು ಎಂದೂ ಅಲ್ಲಗಳೆದವನಲ್ಲ. ನಾನು ಕೆಟ್ಟಿದೆ ಎಂದರೆ ಕೈಯಲ್ಲಿದ್ದದ್ದನ್ನು ಹಾಗೇ ನಾಯಿಗೆ ಒಗೆಯುತ್ತಿದ್ದ.

“ಪೂರಾ ಕೆಟ್ಟಿತ್ರಿ,” ಎಂದೆ. “ಒಂದು ಗೇಣೂ ಛಲೋ ಇರ್ಲಿಲ್ಲ. ಅದರ ಮುಂದ ಸೂಜಿ ಏನ್ ಮಾಡ್ತದ?”

ನಾನು ಕಣ್ಣು ತಪ್ಪಿಸಲಿಲ್ಲ. ಅವನು, ಹಂಗಾದ್ರ ಆತು ಬಿಡು ಎಂದು ಚೀಲದ ಮೇಲಿನ ಕೈ ತೆಗೆದ.