ದಫ್ತರದ ಕಾಕಾ ಅಡಗಿಸಿಟ್ಟ ಹೆಸರುಗಳು

ಕಾಕಾನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಯಲಬುರ್ಗಾದ ಸರಕಾರಿ ದಫ್ತರದಲ್ಲಿ ಮೂವತ್ತು ವರ್ಷ ದಬ್ಬಣ ಹಿಡಿದು ಕಡತ ಹೊಲಿದದ್ದರ ಗುರುತು ಅದು. ನಿವೃತ್ತಿಯಾದ ಮೇಲೆ ಗಂಗಾವತಿಯ ಬೀಜದ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ, ಭಾಗ್ಯನಗರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ. ನಾವೆಲ್ಲ ಅವನನ್ನು ದಫ್ತರದ ಕಾಕಾ ಎನ್ನುತ್ತಿದ್ದೆವು.

ಎಂಬತ್ತರ ದಶಕದ ಕೊನೆಗೆ ಆ ಕಂಪನಿಯ ಆಫೀಸಿಗೆ ಕಂಪ್ಯೂಟರ್ ಬಂತು. ಅದರ ಬೆನ್ನಿಗೇ ಹುಬ್ಬಳ್ಳಿಯಲ್ಲಿ ಆರು ತಿಂಗಳು ಕಲಿತಿದ್ದ ನಾನೂ ಬಂದೆ. ಆ ಯಂತ್ರದ ಗುಟ್ಟು ಬಲ್ಲವನು ಊರಿಗೆಲ್ಲ ನಾನೊಬ್ಬನೇ ಎಂಬ ಸೊಕ್ಕು ನೆತ್ತಿಗೇರಿತ್ತು. ಕಾಕಾ ಅದನ್ನು ದಿನಕ್ಕೊಮ್ಮೆ ಇಳಿಸುತ್ತಿದ್ದ. ಒಮ್ಮೆ ಹಿಟ್ನಾಳದ ರೈತನ ಅರ್ಜಿಯನ್ನು ನಾನು ಕುಷ್ಟಗಿಯ ಕಟ್ಟಿನಲ್ಲಿ ಇಟ್ಟಿದ್ದೆ. ಅದನ್ನು ಎಲ್ಲರೆದುರು ಎತ್ತಿ ಹಿಡಿದು, “ಇವನ ಕೈಯಾಗ ಕಾಗದ ಕೊಡೂದೂ ಒಂದಽ, ಆಡಿನ ಮುಂದ ಇಡೂದೂ ಒಂದಽ,” ಎಂದ. ಟೈಪಿಸ್ಟ್ ಬಾಯಿ ಕೂಡ ನಕ್ಕಳು. ಅದನ್ನು ನಾನು ಮರೆಯಲಿಲ್ಲ.

ಆದರೂ ಕೆಲಸ ಕಲಿಸಿದವನು ಅವನೇ. ಕಾಗದ ಕೈಗೆ ಬಂದರೆ ಮೊದಲು ಬೆನ್ನು ತಿರುವಿ ನೋಡಬೇಕು ಎನ್ನುತ್ತಿದ್ದ. ಅಲ್ಲಿ ಸಾಹೇಬರ ನಿಜವಾದ ಮಾತು ಇರುತ್ತದಂತೆ. ಪ್ರತಿಯಾಗಿ ನಾನು ಅವನಿಗೆ ಕಂಪ್ಯೂಟರ್ ಕಲಿಸಿದೆ. ಒಂದು ದಿನ ಜಂಬಕ್ಕೆ, ಫೈಲೊಂದು ಪರದೆಯ ಮೇಲೆ ಕಾಣದಂತೆ ಅಡಗಿಸುವ ಉಪಾಯ ತೋರಿಸಿದೆ. ಅವನು ಮಕ್ಕಳ ಹಾಗೆ ಹಿಗ್ಗಿದ.

ಕಂಪನಿ ಬೇಕಾದ್ದಕ್ಕಿಂತ ಹೆಚ್ಚು ರೈತರನ್ನು ಹತ್ತಿಬೀಜ ಬೆಳೆಯಲು ಒಪ್ಪಿಸುತ್ತಿತ್ತು. ಬೀಜ ಜಾಸ್ತಿಯಾಗುತ್ತದೆ ಅನ್ನಿಸಿದಾಗ ಮ್ಯಾನೇಜರ್ ಕೆಲವರ ಹೆಸರಿನ ಫೈಲು ಅಳಿಸಲು ಕಾಕಾನಿಗೆ ಹೇಳುತ್ತಿದ್ದ. ಅಳಿಸಿದರೆ ಮುಗಿಯಿತು, ಅವರು ನಮ್ಮ ರೈತರೇ ಅಲ್ಲ, ಅವರ ಬೀಜ ಕೊಳ್ಳಬೇಕಾಗಿಲ್ಲ. ಕಾಕಾ ಒಂದನ್ನೂ ಅಳಿಸದೆ ಎಲ್ಲವನ್ನೂ ಅಡಗಿಸಿಟ್ಟ.

“ದಫ್ತರದಾಗ ನಾವು ಕಾಗದ ಸುಟ್ಟವರಲ್ಲ. ಬ್ಯಾಡಾದದ್ದು ಅಟ್ಟಕ್ಕ ಹಾಕ್ತಿದ್ವಿ, ನೆಲ ಖಾಲಿ ಆಗ್ತಿತ್ತು. ನಾಳಿ ಯಾರರ ಕೇಳ್ಕೊಂತ ಬಂದ್ರ ತಗದು ಕೊಡಬೇಕಲ್ಲ,” ಎಂದು ನನಗೊಬ್ಬನಿಗೇ ಹೇಳಿದ. ಅಡಗಿಸಿದ ಮಾತ್ರಕ್ಕೆ ಡಿಸ್ಕಿನಲ್ಲಿ ಜಾಗ ಖಾಲಿಯಾಗುವುದಿಲ್ಲ ಎಂದು ನಾನು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಸಿಕ್ಕಿಬೀಳಲಿ ಎಂದು ಕಾದೆ.

ಖರೀದಿಯ ಪಟ್ಟಿ ಅಚ್ಚಾಗಬೇಕಾದ ದಿನ, ಡಿಸ್ಕ್ ತುಂಬಿದೆ ಎಂದು ಯಂತ್ರ ಹಟ ಹಿಡಿಯಿತು. ಪರದೆಯ ಮೇಲೆ ನೋಡಿದರೆ ಬೆರಳೆಣಿಕೆಯ ಫೈಲುಗಳು. “ಯಾರು ಕೆಡಿಸ್ಯಾರ ಅವರು ಇವತ್ತಽ ಮನಿಗೆ,” ಎಂದ ಮ್ಯಾನೇಜರ್. ನಾನು ಎಲ್ಲರನ್ನೂ ಸುತ್ತ ಕರೆದು, ಅಡಗಿದ್ದನ್ನೆಲ್ಲ ಒಂದೊಂದಾಗಿ ಎಳೆದು ತೋರಿಸಿದೆ. “ಇದು ಯಾರ ಕೆಲಸ ಅಂತ ಕಾಕಾನ್ನ ಕೇಳ್ರಿ,” ಎಂದೆ.

ಕಾಕಾ ನನ್ನ ಭುಜ ಹಿಡಿದ. “ಎರಡು ತಾಸು ಕೊಡು, ಫ್ಲಾಪಿಗೆ ಇಳಿಸ್ಕೊಂತೀನಿ. ಇದ್ರಾಗ ಹುಲಿಹೈದರದ ಒಬ್ಬ ಹೆಣ್ಮಗಳ ಹೆಸರೈತಿ, ಒಂದೊಂದು ಹೂವಿಗೂ ಕೈಲೆ ಪರಾಗ ಹಚ್ಚಿ ಕ್ರಾಸಿಂಗ್ ಮಾಡ್ಯಾಳ. ಆಕಿ ಹೊಲ ತಪಾಸಣಿ ಆಗಿದ್ದಕ್ಕ ಇದಽ ಒಂದು ಸಾಕ್ಷಿ.”

ಡ್ರಾಯರಿನಲ್ಲಿ ಖಾಲಿ ಫ್ಲಾಪಿಗಳಿದ್ದವು. “ಆಡಿನ ಮುಂದ ಕಾಗದ ಇಟ್ಟಿ ಕಾಕಾ,” ಎಂದು ಕೀಲಿ ಒತ್ತಿದೆ. ಎಲ್ಲವೂ ಅಳಿಸಿಹೋಯಿತು. ಈ ಸಲ ಯಾರೂ ನಗಲಿಲ್ಲ. ಕಾಕಾ ಯಂತ್ರಕ್ಕೆ ದಿನಾ ಹೊದಿಸುತ್ತಿದ್ದ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು ಮನೆಗೆ ಹೋದ. ಮರುದಿನದಿಂದ ಅವನ ಕುರ್ಚಿಯಲ್ಲಿ ನಾನು ಕೂತೆ. ನನಗೆ ಖುಷಿಯೇ ಆಗಿತ್ತು.

ಎರಡು ತಿಂಗಳಾದ ಮೇಲೆ ಹುಲಿಹೈದರದ ಆ ಹೆಂಗಸು ಬೀಜದ ಚೀಲ ಹೊತ್ತು ಬಂದಳು. ಪಟ್ಟಿಯಲ್ಲಿ ಹೆಸರಿಲ್ಲವೆಂದು ಗೇಟಿನಲ್ಲಿ ತಡೆದಿದ್ದರು. ಅವರನ್ನು ದಾಟಿಕೊಂಡು ಸೀದಾ ನನ್ನ ಮೇಜಿಗೆ ಬಂದು ನಿಂತಳು.

“ಭಾಗ್ಯನಗರಕ್ಕ ಹೋಗಿದ್ದೆರಿ. ಕಾಕಾ ಹಾಸಿಗಿ ಹಿಡಿದಿದ್ರು. ಅಡಗಿದ್ದು ಹುಡುಕೂದ್ರಾಗ ಆ ಹುಡುಗನಷ್ಟು ಹುಷಾರ್ ಯಾರೂ ಇಲ್ಲ, ಅವನ್ನಽ ಕೇಳು ಅಂದ್ರು. ಮರುದಿನಾನಽ ತೀರ್ಕೊಂಡ್ರಂತ್ರಿ.”

ನಾನು ಅಳಿಸಿದ್ದು ಕಾಕಾನ ಕಣ್ಣೆದುರಿಗೆ. ಎಲ್ಲ ಗೊತ್ತಿದ್ದೇ ಅವಳನ್ನು ನನ್ನ ಹತ್ತಿರ ಕಳಿಸಿದ್ದ. ನಾನು ಅವಳ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ, ಹುಡುಕಿದ ಹಾಗೆ ಮಾಡಿ, “ಇಲ್ಲ ಬಾಯಿ,” ಎಂದೆ.

“ಇತ್ತು ಅಂದಿದ್ರಲ್ರಿ ಕಾಕಾ. ಯಾರು ತಗದ್ರು?”

“ಮಷೀನ್,” ಎಂದೆ.

ಅವಳು ನಂಬಿದಳು. ನನಗೆ ಕೈಮುಗಿದು, ಚೀಲ ಹೊತ್ತುಕೊಂಡು ಹೋದಳು.